ಫಿಲ್ಮಿನಲ್ಲಿ ಏನೂ ಇಲ್ಲ

ಮಂಡ್ಯದ ದೊಡ್ಡಾಸ್ಪತ್ರೆ, ಎಕ್ಸ್‌ರೇ ಕೋಣೆ.
ಹತ್ತೊಂಬತ್ತು ವರ್ಷದಿಂದ ಇಲ್ಲಿ
ಜನರನ್ನು ಮಂಡಿಯಿಂದ ಗುರುತು ಹಿಡಿಯುವವನು ನಾನು.
ಮುಖ ಮರೆಯುತ್ತದೆ. ಕೀಲು ಮರೆಯುವುದಿಲ್ಲ.

ಸೋಮವಾರ ಕೆರಗೋಡಿನ ಕೆಂಪಾಜಮ್ಮ ಬಂದಳು.
ಎಪ್ಪತ್ತೋ, ಎಪ್ಪತ್ತೈದೋ, ಲೆಕ್ಕ ಇಟ್ಟವರಿಲ್ಲ.
ಸೀರೆ ಎತ್ತಿ ಸಿಕ್ಕಿಸಿ ಪ್ಲೇಟಿನ ಮುಂದೆ ನಿಂತಳು
ಗದ್ದೆಗೆ ಇಳಿಯುವವಳ ಹಾಗೆ.
ಪರದೆ ನೋಡಿ ನನ್ನ ಮಂಡಿಯೇ ಜುಮ್ಮೆಂದಿತು:
ಮೂಳೆಯ ಮೇಲೆ ಮೂಳೆ ಕೂತಿದೆ,
ನಡುವೆ ಕೂದಲೆಳೆಗೂ ಜಾಗವಿಲ್ಲ,
ಅಂಚಿನುದ್ದಕ್ಕೂ ಮುಳ್ಳು.
"ನೋವು ಎಷ್ಟಿದೆ ಅಜ್ಜಿ?"
"ಒಸಿ ಹಿಡ್ಕತದೆ ಕನಪ್ಪ. ನಡೆದ್ರೆ ಬುಡ್ತದೆ.
ಮೊಮ್ಮಗಳು ಬಲವಂತ ಮಾಡುದ್ಲು, ಬಂದೆ."

ಮುಂದಿನ ಟೋಕನ್ ಸರ್ವಮಂಗಳ,
ನಲವತ್ತೇಳು, ಗೆಜ್ಜಲಗೆರೆಯ ಗಾರ್ಮೆಂಟ್ಸು,
ದಿನಕ್ಕೆ ಸಾವಿರ ಕಾಲರು.
ಗೋಡೆ ಹಿಡಿದುಕೊಂಡೇ ಒಳಗೆ ಬಂದಳು.
ನಾನು ಮಂಡಿ ಮುಟ್ಟುವ ಮೊದಲೇ ಹಲ್ಲು ಕಚ್ಚಿದಳು.
ನೇರ ನಿಲ್ಲಿಸಲೆಂದು ಮೊಣಕೈ ಹಿಡಿದೆ,
ಅದಕ್ಕೂ "ಅಮ್ಮಾ" ಎಂದಳು.
ಮೊಣಕೈಗೇನು ಬಂತಪ್ಪ ಎಂದು ಒಳಗೊಳಗೇ ನಕ್ಕೆ.
ಆ ನಗು ಈಗಲೂ ಅನ್ನದಲ್ಲಿನ ಕಲ್ಲಿನಂತೆ
ಹಲ್ಲಿಗೆ ಸಿಗುತ್ತದೆ.

ಫಿಲ್ಮು ಹೆಚ್ಚುಕಡಿಮೆ ಚೊಕ್ಕಟ.
ಒಂದಿಷ್ಟು ಸವೆತ, ಆ ವಯಸ್ಸಿನ ಯಾರಿಗೂ ಇರುವಷ್ಟು.
ಹೇಳಿಯೇಬಿಟ್ಟೆ, ಸಿಹಿ ಸುದ್ದಿ ಕೊಡುವವನಂತೆ:
"ಫಿಲ್ಮಲ್ಲಿ ಏನೂ ಇಲ್ಲಮ್ಮ."

ಚಪ್ಪಲಿಗೆ ಕಾಲು ತಡಕುತ್ತಿದ್ದವಳು ನಿಂತಳು.
"ಏನೂ ಇಲ್ಲ ಅಂದ್ರೆ?
ನಮ್ಮೆಜಮಾನ್ರೂ ಹಂಗೇ ಅಂತಾರೆ.
ಸೂಪರ್‌ವೈಸರೂ ಹಂಗೇ ಅಂತಾನೆ.
ಹಂಗಾದ್ರೆ ರಾತ್ರಿ ಎರಡು ಗಂಟೆಗೆ
ಕಾಲು ಹಿಡ್ಕಂಡು ಎದ್ದು ಕೂತ್ಕಳೋಳು ಯಾರು?"

ನನ್ನಪ್ಪ ನೀರುಗಂಟಿ.
ನಾಲೆಯ ಹದಿಮೂರನೇ ತೂಬು ಅವನ ಕೈಯಲ್ಲಿತ್ತು.
ಕತ್ತಲಾದ ಮೇಲೆ ಲಾಟೀನು ಹಿಡಿದು ಹೋಗಿ
ಯಾರ ಪಾಲಿಗೆ ಎಷ್ಟು ಎಂದು ಹಲಗೆ ಇಳಿಸುತ್ತಿದ್ದ.
ನನ್ನ ತಂಗಿ ತೀರಿಕೊಂಡ ವರ್ಷ
ಅಪ್ಪ ನಿದ್ದೆ ಬಿಟ್ಟ. ಒಂದು ರಾತ್ರಿ ಹಲಗೆ ಮರೆತ.
ಬೆಳಗಾಗುವಷ್ಟರಲ್ಲಿ ಕೆಳಗಿನ ಪೈರೆಲ್ಲ ನೀರೊಳಗೆ.
ಇಂಜಿನಿಯರು ಜೀಪಿನಿಂದ ಇಳಿದು ಅಳತೆಗೋಲು ನೋಡಿದ:
"ನಾಲೆಯಲ್ಲಿ ಎಂದಿನಷ್ಟೇ ನೀರಿದೆಯಲ್ಲ."
ಹೌದು ಸ್ವಾಮಿ, ಎಂದಿನಷ್ಟೇ.
ಮುಳುಗಿದ ಪೈರು ಮಾತ್ರ ಸುಳ್ಳಾಗಿರಲಿಲ್ಲ.

ಇದು ನನಗೆ ಅಲ್ಲೇ ಹೊಳೆಯಿತು ಎಂದರೆ ತಪ್ಪಾದೀತು.
ವಾರದ ಮೇಲೆ, ಕ್ಯಾಂಟೀನಿನಲ್ಲಿ,
ಫಿಸಿಯೋ ಮೇಡಂ ವಡೆ ಮುರಿಯುತ್ತ ಹೇಳಿದರು:
ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆಯಂತೆ,
ನಿದ್ದೆಗೆಟ್ಟರೆ, ಹೆದರಿದರೆ, ಮನಸ್ಸು ಕುಗ್ಗಿದರೆ
ಅದು ಸರಿಯಾಗಿ ಮುಚ್ಚುವುದಿಲ್ಲವಂತೆ;
ಆಗ ಮಂಡಿಯ ನೋವು ಮೊಣಕೈಯಲ್ಲೂ ಹರಿಯುತ್ತದೆ.
ನನ್ನ ಕೈಯಲ್ಲಿ ಟೀ ಆರುತ್ತಿತ್ತು.
ಕಿವಿಯಲ್ಲಿ ಹಲಗೆ ಇಳಿಯುವ ಸದ್ದು.

ತಿಂಗಳ ಮೇಲೆ ಮತ್ತೆ ಬಂದಳು,
"ಇನ್ನೊಂದ್ಸಲ ತೆಗೀರಿ, ಹಿಂದ್ಗಡೆಯಿಂದ."
ಮೆಷಿನ್ನು ಹಚ್ಚಲಿಲ್ಲ. ಸ್ಟೂಲು ಎಳೆದು ಕೊಟ್ಟೆ.
ಚೀಟಿಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದೆ:
"ನಿದ್ದೆ ಬರುತ್ತಾ?"

ಹನ್ನೊಂದು ನಿಮಿಷ ಮಾತಾಡಿದಳು.
ಹಾಸಿಗೆ ಹಿಡಿದ ಅತ್ತೆಯನ್ನು ದಿನಕ್ಕೆ ಆರು ಸಲ ಎತ್ತುವುದು,
ಟಾರ್ಗೆಟ್ಟು ತಪ್ಪಿದರೆ ಮೈಕಿನಲ್ಲಿ ಹೆಸರು ಕೂಗುವುದು,
ನಡೆದಷ್ಟೂ ಸವೆಯುತ್ತದೆಂದು ಯಾರೋ ಅಂದದ್ದಕ್ಕೆ
ಬೀದಿ ಕೊನೆಯ ಅಂಗಡಿಗೂ ಹೋಗುವುದು ಬಿಟ್ಟದ್ದು,
ಮೆಟ್ಟಿಲು ಕಂಡರೆ ಕಾಲಿಡುವ ಮೊದಲೇ ನೋಯುವುದು.
ಹೊರಗೆ ಟೋಕನ್ನುಗಳು ಗೊಣಗುತ್ತಿದ್ದವು.

"ನಡೆದ್ರೆ ಏನೂ ಆಗಲ್ವಾ?" ಎಂದಳು ಕೊನೆಗೆ.
"ಒಂದಿಷ್ಟು ನೋಯುತ್ತೆ. ಒಡೆಯಲ್ಲ," ಎಂದೆ.
ಇಷ್ಟು ಹೇಳಲು ನನಗೆ ಅಧಿಕಾರವಿದೆಯೋ ಇಲ್ಲವೋ.
ಫಿಸಿಯೋ ಕೋಣೆಯ ದಾರಿ ತೋರಿಸಿದೆ.
ಗೋಡೆ ಹಿಡಿದುಕೊಂಡೇ ಹೋದಳು.

ರಿಜಿಸ್ಟರಿನಲ್ಲಿ 'ಭಾಗ' ಎಂಬ ಅಂಕಣದ ಮುಂದೆ
ಪೆನ್ನು ಸ್ವಲ್ಪ ಹೊತ್ತು ನಿಂತಿತು.
'ಮಂಡಿ' ಎಂದೇ ಬರೆದೆ. ಬೇರೆ ಪದ ಇರಲಿಲ್ಲ.

ಕೆಂಪಾಜಮ್ಮನ ಫಿಲ್ಮು ಇನ್ನೂ ನನ್ನ ಖಾನೆಯಲ್ಲೇ ಇದೆ.
ಅವತ್ತು ಬೆಂಚಿನ ಮೇಲೆ ಮರೆತು ಹೋದದ್ದು,
ಕೇಳಲು ಯಾರೂ ಬಂದಿಲ್ಲ.
ನಾಟಿ ಶುರುವಾಗಿರಬೇಕು.